ರಾಹುಕಾಲದಲ್ಲಿ ಬಂದ ರಿಜಿಸ್ಟರ್ಡ್ ಕಾಗದ

1998ರಲ್ಲಿ ನಾವು ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ, ಮೂರನೆಯ ಮಹಡಿಯ ಒಂದು ಫ್ಲಾಟಿನಲ್ಲಿದ್ದೆವು. ನನ್ನ ಹುದ್ದೆ ಗೃಹಿಣಿ. ಆಗ ಅದರಲ್ಲಿ ಇಪ್ಪತ್ತು ವರ್ಷದ ಸರ್ವಿಸ್ ಆಗಿತ್ತು. ಮಿಕ್ಕವರು ತಮ್ಮ ವೃತ್ತಿಯ ದೊಡ್ಡ ಪ್ರಕರಣಗಳನ್ನು ಬರೆಯುವಾಗ ನಾನೂ ನನ್ನದೊಂದನ್ನು ಬರೆಯಬಹುದು ಎನಿಸಿತು. ಅದು ಒಂದೇ ಶುಕ್ರವಾರದಲ್ಲಿ ಮುಗಿದ ಪ್ರಕರಣ.

ಆ ಬೆಳಿಗ್ಗೆ ಎಂದಿನಂತೆ ಐದೂವರೆಗೆ ಎದ್ದೆ. ಹೊರಗೆ ಇನ್ನೂ ಕತ್ತಲು. ಇಡ್ಲಿ ಬೇಯುವಷ್ಟರಲ್ಲಿ ಇವರ ಶರ್ಟಿಗೆ ಇಸ್ತ್ರಿ ಹಾಕಿದೆ. ಇವರು ಪ್ಯಾಥಾಲಜಿ ಅಧ್ಯಾಪಕರು. ಊರಾಚೆಯ ಮೆಡಿಕಲ್ ಕಾಲೇಜಿಗೆ ಕಾರಿನಲ್ಲಿ ಹೋಗಲು ಎರಡು ಗಂಟೆ ಬೇಕು. ಹೊರಡುವಾಗ ದಿನವೂ ಕೇಳುತ್ತಿದ್ದ "ಕಾಗದ ಬಂತಾ?" ಎಂಬ ಮಾತನ್ನು ಆವತ್ತು ಕೇಳಲಿಲ್ಲ. ಶೂ ಲೇಸನ್ನು ಎರಡು ಸಲ ಕಟ್ಟಿಕೊಂಡರು. ಮಗಳು ಅನಘಾ ಅರ್ಧ ಇಡ್ಲಿ ತಟ್ಟೆಯಲ್ಲೇ ಬಿಟ್ಟು ಲೈಬ್ರರಿಗೆ ಹೋದಳು.

ಕಾಗದ ಎಂದರೆ ಮೆಡಿಕಲ್ ಸೀಟಿನ ಕಾಗದ. ನಮ್ಮ ಪಿಯುಸಿಯಂಥ ಎ ಲೆವೆಲ್ ಮುಗಿಸಿದ್ದ ಅನಘಾ ಮೂರು ಕಾಲೇಜುಗಳಲ್ಲಿ ಇಂಟರ್‌ವ್ಯೂ ಕೊಟ್ಟಿದ್ದಳು. "ಡ್ಯಾಡೀಸ್ ಗರ್ಲ್ ಅಂತಾರೆ" ಎಂದು ಅಪ್ಪನ ಕಾಲೇಜಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ಮೊದಲಿನ ಎರಡೂ ಕಡೆಯಿಂದ ವಿಷಾದದ ಕಾಗದ ಬಂದಾಗಿತ್ತು. ಆ ದೇಶದ ನಾಣ್ಯ ರಿಂಗಿಟ್‌ನ ಬೆಲೆ ಕುಸಿದಿದ್ದರಿಂದ ಹೊರದೇಶಕ್ಕೆ ಕಳಿಸುವ ಮಾತಿರಲಿಲ್ಲ. ಉಳಿದದ್ದು ಮೂರನೆಯದೊಂದೇ. ಅಲ್ಲಿ ಇಂಟರ್‌ವ್ಯೂ ಆಗಿ ಐದು ವಾರ ಕಳೆದಿತ್ತು. ಮೊದಲ ವಾರ ಅವಳು ತಾನು ಕೊಟ್ಟ ಉತ್ತರಗಳನ್ನು ನನಗೆ ಮತ್ತೆ ಮತ್ತೆ ಹೇಳುತ್ತಿದ್ದಳು. ಐದನೆಯ ವಾರ ಆ ವಿಷಯವನ್ನೇ ಎತ್ತುತ್ತಿರಲಿಲ್ಲ.

ಹತ್ತು ಐವತ್ತಕ್ಕೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಪೋಸ್ಟ್‌ಮ್ಯಾನ್. ಕೈಯಲ್ಲಿ ಕಂದು ಬಣ್ಣದ ಉದ್ದನೆಯ ಲಕೋಟೆ, ಮೂಲೆಯಲ್ಲಿ ಆ ಕಾಲೇಜಿನ ಲಾಂಛನ. ನಮ್ಮ ಹಳೆಯ ಫ್ಲಾಟಿನ ವಿಳಾಸಕ್ಕೆ ನೀಲಿ ಶಾಯಿಯಲ್ಲಿ ಗೀಟು ಹಾಕಿ ಹೊಸದನ್ನು ಬರೆದಿದ್ದರು. ಸಹಿ ಮಾಡಲು ಅವನು ಪೆನ್ನು ಚಾಚಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅದು ಪ್ರತಿ ವರ್ಷ ಉಡುಪಿಯಿಂದ ತರಿಸುತ್ತಿದ್ದ ಪಂಚಾಂಗದ ಕ್ಯಾಲೆಂಡರ್. ಶುಕ್ರವಾರ, ರಾಹುಕಾಲ ಹತ್ತೂವರೆಯಿಂದ ಹನ್ನೆರಡು.

ಕಾನ್ವೆಂಟಿನ ಸಿಸ್ಟರುಗಳ ಹತ್ತಿರ ಹನ್ನೊಂದು ವರ್ಷ ಓದಿದವಳು ನಾನು. ಇಂಥದ್ದನ್ನು ನಂಬುತ್ತೀಯಾ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತಿದ್ದೆ. ಆದರೆ ಹಿಂದಿನ ಎರಡು ಕಾಗದಗಳನ್ನೂ ಹೊತ್ತು ಗೊತ್ತು ನೋಡದೆ ಒಡೆದಿದ್ದೆ. ಇದೊಂದನ್ನಾದರೂ ಸರಿಯಾದ ಗಳಿಗೆಯಲ್ಲಿ ಕೈಗೆ ತೆಗೆದುಕೊಳ್ಳೋಣ ಎಂದುಕೊಂಡೆ.

"ಹನ್ನೆರಡರ ಮೇಲೆ ಬರ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಸೈನ್ ಓನ್ಲಿ ಲಾ, ಆಂಟಿ," ಎಂದ, ಅಲ್ಲಿಯವರು ಮಾತಿಗೆಲ್ಲ ಅಂಟಿಸುವ 'ಲಾ' ಸೇರಿಸಿ. "ಒಂದು ನಿಮಿಷ."

"ಈಗ ಆಗೋದಿಲ್ಲ."

"ಇವತ್ತು ಶುಕ್ರವಾರ. ಇದಾದ ಮೇಲೆ ನಾನು ನಮಾಜಿಗೆ ಹೋಗ್ತೇನೆ. ಮತ್ತೆ ಈ ಕಡೆ ಬರೋದಿಲ್ಲ." ನನ್ನ ಮುಖವನ್ನೊಮ್ಮೆ ನೋಡಿ, ಒಂದು ಕಾರ್ಡು ಬರೆದು ಕೊಟ್ಟು ಇಳಿದು ಹೋದ. ನಾಳೆ ಪೋಸ್ಟಾಫೀಸಿಗೆ ಬಂದು ಪತ್ರ ಪಡೆಯಿರಿ ಎಂದು ಅದರಲ್ಲಿತ್ತು. ನಾಳೆ ತಾನೆ ಎಂದು ನಾನು ಬೀನ್ಸ್ ಸೋಸಲು ಕೂತೆ.

ಹನ್ನೆರಡೂವರೆಗೆ ಫೋನ್ ಬಂತು. ಅನಘಾಳ ಜೊತೆಗೇ ಇಂಟರ್‌ವ್ಯೂ ಕೊಟ್ಟಿದ್ದ ಮೇ ಲಿಂಗ್. "ಆಂಟಿ, ಅನಘಾ ಫಾರ್ಮ್ ಕಳಿಸಿದ್ಳಾ? ನನಗೆ ಹೋದ ವಾರವೇ ಬಂತು. ಒಪ್ಪಿಗೆಯ ಫಾರ್ಮ್ ಫ್ಯಾಕ್ಸ್ ಮಾಡೋದಕ್ಕೆ ಇವತ್ತು ಐದು ಗಂಟೆ ಲಾಸ್ಟ್."

ಅವಳ ಫೋನ್ ಇಟ್ಟೊಡನೆ ಕಾಲೇಜಿಗೆ ಫೋನ್ ಮಾಡಿದೆ. ಯಾರಿಗೆ ಸೀಟು ಸಿಕ್ಕಿದೆ ಎಂದು ಫೋನಿನಲ್ಲಿ ಹೇಳುವಂತಿಲ್ಲ ಎಂದ ಗುಮಾಸ್ತೆ, ಒಂದು ಮಾತು ಮಾತ್ರ ಸ್ಪಷ್ಟವಾಗಿ ಹೇಳಿದಳು. ಐದರೊಳಗೆ ಕಾಗದದ ಜೊತೆ ಕಳಿಸಿದ, ನಂಬರಿರುವ ಫಾರ್ಮ್ ಬಾರದಿದ್ದರೆ ಸೋಮವಾರ ವೇಟಿಂಗ್ ಲಿಸ್ಟಿನವರನ್ನು ಕರೆಯುತ್ತಾರೆ.

ಇವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

"ಸೂರ್ಯ ಇಲ್ಲಿ ಏಳು ಗಂಟೆಗೆ ಹುಟ್ಟುದು ಮಾರಾಯ್ತಿ," ಎಂದರು. "ಉದಯದಿಂದ ಲೆಕ್ಕ ಹಾಕಿದ್ರೆ ನಿನ್ನ ಉಡುಪಿಯ ರಾಹುಕಾಲ ಇಲ್ಲಿ ಹನ್ನೊಂದೂವರೆ ಮೇಲೆಯೇ ಶುರುವಾಗುದು. ಅವ ಬಂದಾಗ ಇರಲೇ ಇಲ್ಲ ಅದು."

ಕ್ವಾಲಾಲಂಪುರಕ್ಕೆ ಬಂದ ಆರು ವರ್ಷದಿಂದ ನಾನು ಬೇರೊಂದು ಊರಿನ ಸೂರ್ಯನನ್ನು ನೋಡಿಕೊಂಡು ದಿನ ಕಳೆದಿದ್ದೆ.

"ಈಗ ಅದೆಲ್ಲ ಬಿಡು. ನಾನು ಬಂದು ಮುಟ್ಟುವಾಗ ಗಂಟೆ ಮೂರು ದಾಟೀತು. ಪೋಸ್ಟಾಫೀಸಿಗೆ ನೀನೇ ಹೋಗು."

ಬಾಗಿಲಿಗೆ ಬೀಗ ಹಾಕುವಾಗ ಅನಘಾ ಮೆಟ್ಟಿಲು ಹತ್ತಿ ಬಂದಳು. ಅವಳಿಗೂ ಹೇಳಿದೆ. ಅವಳು ಬ್ಯಾಗನ್ನು ಕೆಳಗಿಡಲಿಲ್ಲ, ಹಾಗೆಯೇ ತಿರುಗಿ ನನಗಿಂತ ಮುಂದೆ ಇಳಿದಳು. ಪೋಸ್ಟಾಫೀಸು ನಮಾಜಿನ ಬಿಡುವು ಮುಗಿದು ಎರಡು ಮುಕ್ಕಾಲಿಗೆ ತೆರೆಯುವುದು. ಒಂದು ಗಂಟೆಗೂ ಹೆಚ್ಚು ಹೊತ್ತು ಇಬ್ಬರೂ ಮುಚ್ಚಿದ ಶಟರಿನ ಎದುರು ನಿಂತಿದ್ದೆವು. ಪಕ್ಕದ ಹೂವಿನಂಗಡಿಯಲ್ಲಿ ಒಬ್ಬಾಕೆ ಮಲ್ಲಿಗೆ ಕಟ್ಟುತ್ತಿದ್ದಳು. ನಾನು ಅವಳ ಬೆರಳುಗಳನ್ನು ನೋಡುತ್ತಿದ್ದೆ. ಮಗಳು ನನ್ನನ್ನು ನೋಡಲಿಲ್ಲ.

ಕೌಂಟರಿನಲ್ಲಿ ತಲೆಗೆ ತಿಳಿಗುಲಾಬಿ ವಸ್ತ್ರ ಸುತ್ತಿಕೊಂಡಿದ್ದ ಹೆಂಗಸು ಕಾರ್ಡು ಓದಿ ಹಿಂದಕ್ಕೆ ಕೊಟ್ಟಳು. "ನಾಳೆ. ಇವತ್ತಿನ ಚೀಲ ಇನ್ನೂ ಬಿಚ್ಚಿಲ್ಲ."

"ತಪ್ಪು ನನ್ನದು," ಎಂದೆ. "ಪೋಸ್ಟ್‌ಮ್ಯಾನ್ ಬಾಗಿಲಿಗೇ ತಂದಿದ್ದರು. ನಾನು ಬೇಡ ಅಂದೆ. ಐದು ಗಂಟೆಯೊಳಗೆ ಇವಳ ಉತ್ತರ ಹೋಗದಿದ್ದರೆ ಇವಳ ಮೆಡಿಕಲ್ ಸೀಟು ಹೋಗುತ್ತೆ. ನೀವು ಬಿಚ್ಚೋವರೆಗೆ ನಾನು ಇಲ್ಲಿಂದ ಕದಲೋದಿಲ್ಲ." ಕ್ಯೂನಲ್ಲಿದ್ದವರು ತಿರುಗಿ ನೋಡಿದರು. ಅಷ್ಟು ಗಟ್ಟಿಯಾಗಿ ನಾನು ಮನೆಯಲ್ಲೂ ಮಾತಾಡಿದವಳಲ್ಲ.

ಅವಳು ಅನಘಾಳ ಮುಖ ನೋಡಿ ಒಳಗೆ ಹೋದಳು. ಮೂರು ಗಂಟೆ. ಮೂರೂ ಇಪ್ಪತ್ತು. ಮೂರೂ ನಲವತ್ತಕ್ಕೆ ಆ ಕಂದು ಲಕೋಟೆ ಹಿಡಿದು ಬಂದಳು.

ಅನಘಾ ಅಲ್ಲೇ ಒಡೆದು, ಮೊದಲ ಸಾಲು ಓದಿ, ಕಾಗದವನ್ನು ನನ್ನತ್ತ ಚಾಚಿದಳು. ಸೀಟು ಸಿಕ್ಕಿತ್ತು. ಸಂತೋಷಪಡಲು ಹೊತ್ತಿರಲಿಲ್ಲ. ಫಾರ್ಮಿನಲ್ಲಿ ತಂದೆ ಅಥವಾ ತಾಯಿಯ ಸಹಿ ಎಂದಿತ್ತು. ಅದುವರೆಗೆ ಅವಳ ಎಲ್ಲ ಕಾಗದಗಳಿಗೂ ಇವರೇ ಸಹಿ ಹಾಕಿದ್ದರು. ಕೌಂಟರಿಗೆ ದಾರದಿಂದ ಕಟ್ಟಿದ್ದ ಪೆನ್ನಿನಿಂದ ನಾನು ಹಾಕಿದೆ.

ರಸ್ತೆಯಾಚೆ ಜೆರಾಕ್ಸ್ ಅಂಗಡಿಯಲ್ಲಿ ಫ್ಯಾಕ್ಸ್ ಇತ್ತು. ಮೊದಲ ಸಲ ಲೈನ್ ಬ್ಯುಸಿ. ಎರಡನೆಯ ಸಲವೂ ಬ್ಯುಸಿ. ಆರನೆಯ ಸಲ ಕಾಗದ ಅರ್ಧ ಒಳಹೋಗಿ ನಿಂತಿತು. "ಮೆಷಿನ್‌ಗೂ ಟೆನ್ಷನ್, ಮಾ," ಎಂದು ಅಂಗಡಿಯವರು ಮತ್ತೆ ನಂಬರ್ ಒತ್ತಿದರು. ನಾಲ್ಕೂ ಮೂವತ್ತೆಂಟಕ್ಕೆ, ಫಾರ್ಮ್ ಮುಟ್ಟಿದೆ ಎಂಬ ಸಣ್ಣ ಚೀಟಿ ಹೊರಬಂತು. ಕಾಲೇಜಿಗೆ ಫೋನ್ ಮಾಡಿದರೆ ಗುಮಾಸ್ತೆ ನಂಬರ್ ಓದಿ ಹೇಳಿ, ಸಿಕ್ಕಿದೆ ಎಂದಳು.

ಮನೆಯ ದಾರಿಯಲ್ಲಿ ಅನಘಾ ಮೊದಲ ಸಲ ಬಾಯಿ ತೆರೆದಳು. ಎಂದಿನಂತೆ ಇಂಗ್ಲಿಷಿನಲ್ಲಿ, ಮೆಲ್ಲಗೆ. "ಅಮ್ಮಾ, ನಾಳೆ ನಾನು ಡಾಕ್ಟರಾದ ಮೇಲೆ ಪೇಷಂಟ್ ಹತ್ತು ಐವತ್ತಕ್ಕೆ ಬಂದ್ರೆ, ಹನ್ನೆರಡರ ಮೇಲೆ ಬನ್ನಿ ಅಂತ ಕಳಿಸ್ಲಾ?"

ಅವಳು ನಗುತ್ತಿರಲಿಲ್ಲ. ನಾನು "ಬೇಡ" ಎಂದೆ. ಕಾಯುವುದೇ ನನ್ನ ಕೆಲಸದ ಮುಕ್ಕಾಲು ಪಾಲು: ಹಾಲು ಉಕ್ಕುವುದಕ್ಕೆ, ಜ್ವರ ಇಳಿಯುವುದಕ್ಕೆ, ಹೋದವರು ಬರುವುದಕ್ಕೆ. ಕಾದು ಕಾದು ಪಳಗಿದವಳೆಂಬ ಹೆಮ್ಮೆ ನನಗಿತ್ತು. ಕಾದದ್ದು ಬಾಗಿಲಿಗೆ ಬಂದಾಗ ತಕ್ಷಣ ಕೈ ಚಾಚುವುದೂ ಅದೇ ಕೆಲಸಕ್ಕೆ ಸೇರಿದ್ದೆಂದು ಆ ದಿನ ಕಲಿತೆ. ಮರುವರ್ಷದಿಂದ ಉಡುಪಿಯ ಕ್ಯಾಲೆಂಡರನ್ನು ಹಬ್ಬ ನೋಡುವುದಕ್ಕಷ್ಟೇ ಇಟ್ಟುಕೊಂಡೆ.

ಸಂಜೆ ಇವರು ಬಂದು ಮಗಳ ತಲೆ ಸವರಿ, ಕಾಗದವನ್ನು ನಿಂತೇ ಮೂರು ಸಲ ಓದಿದರು. ನಾನು ಒಣಗಿದ ಬಟ್ಟೆ ತೆಗೆಯಲು ಹಿಂದಿನ ಬಾಲ್ಕನಿಗೆ ಹೋದೆ. ಪಕ್ಕದ ಮನೆಯ ಲೆಚ್ಚುಮಿ ಅಕ್ಕ ತಮ್ಮ ಬಾಲ್ಕನಿಯಲ್ಲಿ ನುಗ್ಗೆಸೊಪ್ಪು ಬಿಡಿಸುತ್ತಿದ್ದರು. ಅನಘಾಗೆ ಸೀಟು ಸಿಕ್ಕಿತು, ಐದು ವರ್ಷ, ಅಲ್ಲೇ ಹಾಸ್ಟೆಲು ಎಂದು ನಮ್ಮ ಅರೆ ತಮಿಳು ಅರೆ ಇಂಗ್ಲಿಷಿನಲ್ಲಿ ಹೇಳಿದೆ.

"ನಲ್ಲದು, ನಲ್ಲದು, ಒಳ್ಳೇದಾಯ್ತು," ಎಂದರು ಅವರು, ಸೊಪ್ಪಿನಿಂದ ಕಣ್ಣೆತ್ತದೆ. "ಹಂಗಾದ್ರೆ ಇನ್ಮೇಲೆ ನೀನು ಒಂದು ಲೋಟ ಅಕ್ಕಿ ಕಮ್ಮಿ ಹಾಕಿದ್ರೆ ಸಾಕು, ಮಾ."