ಪೈಪಿನಂಗಡಿಯ ಕಬ್ಬಿಣದ ಕಪಾಟು

ಸೇಸಪ್ಪಣ್ಣ ಮೆಟ್ಟಿಲು ಹತ್ತಿ ಬರುವುದು ನಮ್ಮ ಇಡೀ ಕಟ್ಟಡಕ್ಕೆ ಗೊತ್ತಾಗುತ್ತಿತ್ತು. ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡ ಬೀಗದಕೈಗಳ ಗೊಂಚಲು ಹೆಜ್ಜೆ ಹೆಜ್ಜೆಗೂ ಗಲಗಲ ಎನ್ನುತ್ತಿತ್ತು. ಮಸ್ಕತ್ತಿನ ರೂವಿಯಲ್ಲಿ ನೀರಿನ ಪಂಪು, ಪೈಪು ಮಾರುವ ಅಂಗಡಿಯೊಂದರಲ್ಲಿ ಅವರು ಸ್ಟೋರ್‌ಕೀಪರ್. ಅಂಗಡಿ ತೆರೆಯುವವರೂ ಅವರೇ, ಮುಚ್ಚುವವರೂ ಅವರೇ. ನಮ್ಮ ಫ್ಲ್ಯಾಟಿನ ಎದುರಿನ ಫ್ಲ್ಯಾಟು ಅವರದು. ಹೆಂಡತಿ ಸುಂದರಿ, ಒಬ್ಬಳೇ ಮಗಳು ಉಮಾವತಿ. ಊರು ಮೂಲ್ಕಿಯ ಹತ್ತಿರ. ಅಷ್ಟು ಒಳ್ಳೆಯ ಇನ್ನೊಬ್ಬ ಮನುಷ್ಯನನ್ನು ನಾನು ಮಸ್ಕತ್ತಿನಲ್ಲಿ ಕಂಡಿಲ್ಲ. ನನಗೆ ಅಷ್ಟು ಸಿಟ್ಟು ಬರಿಸಿದವನನ್ನೂ ಕಂಡಿಲ್ಲ.

ಕೇಳದೆ ಏನನ್ನೂ ಮಾಡುವವರಲ್ಲ ಅವರು. ನಮ್ಮ ಮನೆಗೆ ಬಂದರೆ ಕುರ್ಚಿಯ ಪಕ್ಕ ನಿಂತುಕೊಂಡು "ಕೂತ್ಕೊಳ್ಬಹುದಾ ಅಕ್ಕ?" ಎಂದು ಕೇಳುವರು. ಫ್ಯಾನಿನ ಸ್ವಿಚ್ಚು ಕೈಗೆಟಕುವಷ್ಟು ಹತ್ತಿರವಿದ್ದರೂ ಬೆವರು ಒರೆಸಿಕೊಳ್ಳುತ್ತ ಕೂರುವರು. "ಉಸಿರಾಡ್ಲಿಕ್ಕೆ ಪರ್ಮಿಶನ್ ಉಂಟಾ ಸೇಸಪ್ಪಣ್ಣ?" ಎಂದು ನಾನು ಕೆಣಕಿದರೆ ನಗುತ್ತಿದ್ದರು. ಆ ನಗುವಿಗೂ ಯಾರದೋ ಅಪ್ಪಣೆ ಬೇಕಿತ್ತೇನೋ, ಅರ್ಧದಲ್ಲೇ ನಿಲ್ಲುತ್ತಿತ್ತು.

ಹುಟ್ಟಿನಿಂದಲೇ ಹೀಗಿದ್ದವರಲ್ಲ ಎಂದು ಸುಂದರಿ ಹೇಳುತ್ತಾಳೆ. ಎಂಬತ್ತೊಂದರಲ್ಲಿ ಮೊದಲು ಬಂದಾಗ ಇಲ್ಲೇ ಪಕ್ಕದ ಮತ್ರಾದ ಬೇರೊಂದು ಕಂಪೆನಿಯಲ್ಲಿದ್ದರಂತೆ. ಅಲ್ಲಿ ಗುರುವ ಎಂಬ ಜೊತೆಗಾರ ಒಂದು ದಿನ ಧಣಿಯ ಮುಂದೆ ನಿಂತು, "ತಂಗಿಯ ಮದುವೆ ಉಂಟು, ನನ್ನ ಪಾಸ್‌ಪೋರ್ಟ್ ಕೊಡಿ" ಎಂದು ಸ್ವಲ್ಪ ಗಟ್ಟಿಯಾಗಿ ಕೇಳಿದನಂತೆ. ಪಾಸ್‌ಪೋರ್ಟೇನೋ ಕೈಗೆ ಬಂತು, ಅದರೊಳಗೆ ವೀಸಾ ರದ್ದಾದ ಮೊಹರೂ ಬಂತು. ಅದೇ ವಾರ ಅವನನ್ನು ವಿಮಾನ ಹತ್ತಿಸಿದರು. ಖಲಾಸ್. ಗುರುವನ ಪೆಟ್ಟಿಗೆ ಕಟ್ಟಿಕೊಟ್ಟವರು ಸೇಸಪ್ಪಣ್ಣ. ಆಮೇಲೆ ಅವರು ಯಾರ ಮುಂದೆಯೂ ದನಿ ಎತ್ತಿದವರಲ್ಲ.

ನಮ್ಮಂಥವರ ಪಾಸ್‌ಪೋರ್ಟುಗಳೆಲ್ಲ ಆಗ ಕಫೀಲರ ಹತ್ತಿರವೇ ಇರುತ್ತಿದ್ದವು. ಕಫೀಲ್ ಎಂದರೆ ನಮ್ಮ ವೀಸಾಕ್ಕೆ ಜವಾಬ್ದಾರನಾದ ಒಮಾನಿ ಧಣಿ. ಊರಿಗೆ ಹೋಗುವ ದಿನ ಅದು ಹೊರಗೆ ಬರುತ್ತಿತ್ತು, ಬಂದಿಳಿದ ಮರುದಿನ ಒಳಗೆ ಹೋಗುತ್ತಿತ್ತು. ಯಾಕೆ ಎಂದು ನಾವು ಕೇಳುತ್ತಿರಲಿಲ್ಲ.

ತೊಂಬತ್ತಮೂರರ ಬೇಸಿಗೆ ಅದು. ಉಮಾವತಿ ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಳು. ಅವಳ ಕಾಲೇಜಿಗೂ ಜರ್ಮನಿಯ ಒಂದು ವಿಶ್ವವಿದ್ಯಾಲಯಕ್ಕೂ ಒಪ್ಪಂದವಾಗಿ, ಮಂಗಳೂರಿನ ಒಬ್ಬರು ಅಲ್ಲಿಗೆ, ಅಲ್ಲಿಯ ಒಬ್ಬರು ಮಂಗಳೂರಿಗೆ ಒಂದು ವರ್ಷ ಓದಲು ಹೋಗುವುದೆಂದು ತೀರ್ಮಾನವಾಗಿತ್ತು. ಆರಿಸಿದ್ದು ನಮ್ಮ ಉಮಾವತಿಯನ್ನು! ರಜೆಗೆ ಮಸ್ಕತ್ತಿಗೆ ಬಂದವಳು ಇಲ್ಲಿಯ ಜರ್ಮನ್ ರಾಯಭಾರ ಕಚೇರಿಯಲ್ಲೇ ವೀಸಾ ಮಾಡಿಸಬೇಕಿತ್ತು. ಆಗಸ್ಟ್ ಮುಗಿಯುವುದರೊಳಗೆ ಪಾಸ್‌ಪೋರ್ಟ್ ಒಪ್ಪಿಸದಿದ್ದರೆ ಆ ಜಾಗ ಪಟ್ಟಿಯಲ್ಲಿ ಎರಡನೆಯವನಾದ ಹುಡುಗನಿಗೆ ಹೋಗುತ್ತದೆ ಎಂದು ಕಾಲೇಜಿನವರು ಮೊದಲೇ ಹೇಳಿದ್ದರು.

ಮಗಳು ಹೋಗುವುದು ಸೇಸಪ್ಪಣ್ಣನಿಗೆ ಇಷ್ಟವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊರಗೆ ಡಾಂಬರು ಕರಗುವಂಥ ಬಿಸಿಲಿನಲ್ಲಿ ರೂವಿಯ ಅಂಗಡಿಗಳನ್ನೆಲ್ಲ ಜಾಲಾಡಿ ಒಂದು ದಪ್ಪ ಉಣ್ಣೆಯ ಸ್ವೆಟರ್ ತಂದಿದ್ದರು. ಎ.ಸಿ.ಯ ಎದುರು ತಾವೇ ಅದನ್ನು ಹಾಕಿಕೊಂಡು ಕೂತು, "ಬೆಚ್ಚಗೆ ಉಂಟು ಮಗಾ, ಚಳಿ ಎಂತ ಮಾಡ್ಲಿಕ್ಕಿಲ್ಲ" ಎಂದು ಮಗಳಿಗೆ ವರದಿ ಕೊಟ್ಟಿದ್ದರು.

ಆದರೆ ಪಾಸ್‌ಪೋರ್ಟ್ ಎಲ್ಲಿ? ಸೀಬ್ ವಿಮಾನ ನಿಲ್ದಾಣದಲ್ಲಿ ಮಗಳು ಇಳಿದ ಮರುದಿನವೇ ಸೇಸಪ್ಪಣ್ಣ ಅದನ್ನು ವಾಸದ ವೀಸಾ ನವೀಕರಣಕ್ಕೆಂದು ಕಂಪೆನಿಗೆ ಒಯ್ದಿದ್ದರು. ಮೊಹರು ಬಿದ್ದು ವಾಪಸು ಬಂದಾಗ ಮನೆಗೆ ತರಲಿಲ್ಲ. ಪ್ರತಿ ವರ್ಷದಂತೆ ಅಂಗಡಿಯ ಕಬ್ಬಿಣದ ಕಪಾಟಿನಲ್ಲಿ ತಮ್ಮ ಪಾಸ್‌ಪೋರ್ಟಿನ ಪಕ್ಕ ಇಟ್ಟುಬಿಟ್ಟರು. ರಜೆ ಮುಗಿಯುವಾಗ ಕಫೀಲರೇ ನೆನಪು ಮಾಡಿ ಕೊಡಿಸುತ್ತಿದ್ದರು. ಈ ವರ್ಷ ಕಫೀಲ್ ಮುಹಮ್ಮದರು ಜುಲೈಯಲ್ಲೇ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸಲಾಲಾಕ್ಕೆ ಹೊರಟುಹೋದರು. ಅಲ್ಲಿ ಆಗ ತುಂತುರು ಮಳೆ, ಗುಡ್ಡವೆಲ್ಲ ಹಸಿರು. ಸೆಪ್ಟೆಂಬರ್ ಆಗದೆ ಅವರು ಈ ಕಡೆ ತಲೆ ಹಾಕುವುದಿಲ್ಲ.

"ಬೀಗ ಹಾಕಿದ ಕಪಾಟಿನಲ್ಲಿ ಉಂಟು. ಕಫೀಲ್ ಸಲಾಲಾದಲ್ಲಿ" ಎಂದರು ಸೇಸಪ್ಪಣ್ಣ.

"ಫೋನ್ ಮಾಡಿ ಅಪ್ಪ."

"ರಜೆಯಲ್ಲಿ ಇರುವವರಿಗೆ ಫೋನ್ ಮಾಡುವುದಾ? ಬರ್ತಾರೆ ಮಗಾ, ನೋಡುವ."

ಈ "ನೋಡುವ" ಎಂಬ ಮಾತು ಆ ಮನೆಯಲ್ಲಿ ಇಡೀ ತಿಂಗಳು ಫ್ಯಾನಿನ ಹಾಗೆ ತಿರುಗುತ್ತಿತ್ತು. ಉಮಾವತಿ ಕಿಟಕಿಯ ಹತ್ತಿರ ಕೂತಿರುತ್ತಿದ್ದಳು. ಅಲ್ಲಿಂದ ರೂವಿಯ ಬಸ್ ನಿಲ್ದಾಣ ಕಾಣುತ್ತದೆ. ದುಬೈಗೆ, ನಿಜ್ವಾಕ್ಕೆ, ಸಲಾಲಾಕ್ಕೆ ಬಸ್ಸುಗಳು ಹೊರಡುವುದನ್ನು ನೋಡುತ್ತ ಬಿಸಿಲು ಇಳಿಯುವವರೆಗೂ ಅಲ್ಲಿಂದ ಏಳುತ್ತಿರಲಿಲ್ಲ. ಊಟಕ್ಕೆ ಕರೆದರೆ ಬಂದು ಅನ್ನ ಕಲಸಿ ಹಾಗೇ ಬಿಡುವಳು. ಸುಂದರಿ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುವಳು. ಸೇಸಪ್ಪಣ್ಣ ಮಾತ್ರ ಮಗಳ ಮುಖ ನೋಡಲಾಗದೆ ಅಂಗಡಿಯಲ್ಲೇ ಹೆಚ್ಚು ಹೊತ್ತು ಕಳೆಯತೊಡಗಿದರು.

"I can't breathe here, aunty" ಎಂದಳು ಒಮ್ಮೆ ನನ್ನ ಹತ್ತಿರ. ಮಸ್ಕತ್ತಿನ ಇಂಡಿಯನ್ ಸ್ಕೂಲಿನಲ್ಲಿ ಕಲಿತವಳು, ದುಃಖ ಬಂದರೆ ಇಂಗ್ಲಿಷೇ ಬರುವುದು. ಆಮೇಲೆ ಅವಳೇ ಕನ್ನಡದಲ್ಲಿ, "ಪಟ್ಟಿಯಲ್ಲಿ ಎರಡನೇ ಇರುವ ಆ ಹುಡುಗ ಒಳ್ಳೆಯವನೇ ಆಂಟಿ. ಆದ್ರೆ ಅವನು ಹೋದ್ರೆ ನಾನು ಯಾರಿಗೂ ಮುಖ ತೋರಿಸ್ಲಿಕ್ಕಿಲ್ಲ" ಎಂದಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ನೆಟ್ಟಗೆ ಹೋಗಿ ಸೇಸಪ್ಪಣ್ಣನನ್ನು ತರಾಟೆಗೆ ತೆಗೆದುಕೊಂಡೆ.

"ನಿಮಗೆ ಮಗಳಿಗಿಂತ ಆ ಕಪಾಟು ದೊಡ್ಡದಾ ಮಾರಾಯ್ರೆ?"

"ಹಾಗೆ ಹೇಳ್ಬೇಡಿ ಅಕ್ಕ" ಎಂದು ಅವರು ತಲೆ ತಗ್ಗಿಸಿದರು. "ಅವರಿಗೆ ಬೇಜಾರಾಗಿ ಎಂತಾದ್ರೂ ಮಾಡಿದ್ರೆ ಇವಳ ಓದು ಎಲ್ಲಿಂದ? ನಾವೆಲ್ಲ ಎಲ್ಲಿಗೆ?" ಬೈಯಬೇಕೆಂದು ಹೋದವಳು ನೀರು ಕುಡಿಸಿ ಬಂದೆ.

ಉಪಾಯ ಹೊಳೆದದ್ದು ಕೆಳಗಿನ ಫ್ಲ್ಯಾಟಿನ ರುಕಿಯಾಳಿಗೆ. ಉಳ್ಳಾಲ ಕಡೆಯ ಬ್ಯಾರಿ ಹೆಂಗಸು. ಒಮಾನಿ ಮನೆಗಳ ಹೆಂಗಸರಿಗೆ ಬಟ್ಟೆ ಹೊಲಿದುಕೊಟ್ಟು ಅರಬ್ಬಿಯನ್ನು ನೀರು ಕುಡಿದ ಹಾಗೆ ಮಾತನಾಡುತ್ತಿದ್ದಳು.

"ಕಫೀಲ್‌ನ ತಾಯಿ ಇಲ್ಲೇ ಅಲ್ ಖೌದಿನಲ್ಲಿ ಇದ್ದಾರಲ್ಲ ಲೋಲಾಕ್ಷಿಯಕ್ಕ. ಖರ್ಜೂರದ ಸಮಯ, ತೋಟ ಬಿಟ್ಟು ಅವರು ಸಲಾಲಾಕ್ಕೆ ಹೋಗುದಿಲ್ಲ. ಅವರ ಬಟ್ಟೆ ನನ್ನ ಹತ್ರ ಉಂಟು, ಕೊಡ್ಲಿಕ್ಕೆ ಹೋಗ್ಬೇಕು. ಗಂಡಸರಿಗೆ ಆ ಬಾಗಿಲು ಇಲ್ಲ, ನಮಗೆ ಉಂಟು. ಹುಡುಗಿಯನ್ನು ಕರ್ಕೊಂಡು ಬನ್ನಿ."

ಗುರುವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮೂವರೂ ಟ್ಯಾಕ್ಸಿ ಹತ್ತಿದೆವು. ಸೇಸಪ್ಪಣ್ಣನಿಗೆ ಹೇಳಲಿಲ್ಲ. ಹೇಳಿದ್ದರೆ ಆ ಮನುಷ್ಯ ಟ್ಯಾಕ್ಸಿಯ ಮುಂದೆ ಮಲಗಿಬಿಡುತ್ತಿದ್ದರು.

ಹೆಂಗಸರ ಕೋಣೆಯಲ್ಲಿ ಜಮಖಾನದ ಮೇಲೆ ಕೂತೆವು. ಖರ್ಜೂರ ಬಂತು, ಹಲ್ವ ಬಂತು, ಪುಟ್ಟ ಬಟ್ಟಲುಗಳಲ್ಲಿ ಕಹ್ವಾ ಬಂತು. ಮುದುಕಿ ರುಕಿಯಾಳ ಮಕ್ಕಳ ಸುದ್ದಿ ಕೇಳಿದರು, ನಾನು ಕಷ್ಟಪಟ್ಟು ಕೂತದ್ದನ್ನು ಕಂಡು ಮಂಡಿನೋವು ವಿಚಾರಿಸಿದರು, ಹೊಸ ಬಟ್ಟೆಯ ಕಸೂತಿಯನ್ನು ಬೆಳಕಿಗೆ ಹಿಡಿದು ನೋಡಿದರು. ಬಂದ ಕೆಲಸವನ್ನು ಕಾಫಿಗೆ ಮೊದಲು ಹೇಳಬಾರದು ಅಲ್ಲಿ. ಉಮಾವತಿ ಬಾಯಿ ತೆರೆದಾಗಲೆಲ್ಲ ರುಕಿಯಾ ಅವಳ ತೊಡೆ ಚಿವುಟುತ್ತಿದ್ದಳು. ಕೊನೆಗೆ ಮುದುಕಿಯೇ ಹುಡುಗಿಯ ಗಲ್ಲ ಹಿಡಿದು, "ಯಾ ಬಿಂತಿ, ಯಾಕಮ್ಮ ಹಲ್ವ ಮುಟ್ಟಲಿಲ್ಲ?" ಎಂದು ಕೇಳಿದರು. ಆಗ ಉಮಾವತಿ ಅತ್ತೇಬಿಟ್ಟಳು. ರುಕಿಯಾ ಅರಬ್ಬಿಯಲ್ಲಿ ಎಲ್ಲವನ್ನೂ ಹೇಳಿದಳು.

ಮುದುಕಿ ಫೋನನ್ನು ಎಳೆದುಕೊಂಡು ಸಲಾಲಾಕ್ಕೆ ಹಚ್ಚಿದರು. ಮಗನಿಗೆ ಏನೋ ಜೋರಾಗಿ ಹೇಳಿ, ರಿಸೀವರನ್ನು ಉಮಾವತಿಯ ಕೈಗಿತ್ತರು. ಅವಳು ಇಂಗ್ಲಿಷಿನಲ್ಲಿ ಮಾತಾಡಿದಳು. ನೋಡನೋಡುತ್ತಿದ್ದಂತೆ ಅವಳ ಮುಖದ ಬಣ್ಣ ಬದಲಾಯಿತು. ಥ್ಯಾಂಕ್ಯೂ ಎಂದು ಮೆಲ್ಲನೆ ಹೇಳಿ ಫೋನು ಇಟ್ಟಳು.

"ಎಂತ ಹೇಳಿದ್ರು? ಕೊಡುದಿಲ್ಲಂತಾ?" ಎಂದೆ ನಾನು.

"ತಗೊಳ್ಳಿ ಅಂದ್ರು. ನಾನು ನಿನ್ನ ಪಾಸ್‌ಪೋರ್ಟ್ ಕೇಳಿಯೇ ಇರ್ಲಿಲ್ಲ, ಜೋಪಾನವಾಗಿರ್ಲಿ ಅಂತ ನಿನ್ನ ತಂದೆಯೇ ಇಟ್ಟದ್ದು ಅಂದ್ರು" ಎಂದಳು ಉಮಾವತಿ. "ಕಪಾಟಿನ ಕೀ ಯಾರ ಹತ್ರ ಅಂತ ಕೇಳ್ದೆ. ನಿನ್ನ ತಂದೆಯ ಹತ್ರವೇ ಅಲ್ವಾ, ಯಾವಾಗಲೂ ಅವರ ಹತ್ರವೇ ಇರೋದು ಅಂದ್ರು."

ಮತ್ತೆ ಟ್ಯಾಕ್ಸಿ ಹತ್ತಿದೆವು. ಇಡೀ ತಿಂಗಳು ಆ ಬೀಗದಕೈ ನಮ್ಮ ಎದುರೇ ಗಲಗಲ ಎನ್ನುತ್ತ ಮೆಟ್ಟಿಲು ಹತ್ತಿ ಇಳಿದಿತ್ತು.

ಮನೆಗೆ ಹೋಗದೆ ನೇರ ಅಂಗಡಿಗೆ ಹೋದೆವು. ಸೇಸಪ್ಪಣ್ಣ ಗಿರಾಕಿಯೊಬ್ಬನಿಗೆ ಪೈಪು ಅಳೆದುಕೊಟ್ಟು ಕಳಿಸುತ್ತಿದ್ದರು. ನಮ್ಮನ್ನು ಕಂಡು ಗಾಬರಿಯಾಗಿ ಎದ್ದು ನಿಂತರು.

"ಅಪ್ಪಾ, ಕಪಾಟಿನ ಕೀ ಎಲ್ಲಿ?" ಎಂದಳು ಉಮಾವತಿ.

ಅವರ ಕೈ ತಾನಾಗಿ ಸೊಂಟಕ್ಕೆ ಹೋಯಿತು. "ಇಲ್ಲೇ ಉಂಟು ಮಗಾ" ಎಂದರು ಯಾವ ಕಪಟವೂ ಇಲ್ಲದೆ. "ಕೀ ಇದ್ದು ಎಂತ ಮಾಡುದು? ಪರ್ಮಿಶನ್ ಇರ್ಲಿಲ್ಲ ಅಲ್ವಾ."

ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಕೂಗಾಡಲಿಲ್ಲ. ಅಪ್ಪನನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಆಮೇಲೆ ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ, "ಪರ್ಮಿಶನ್ ಸಿಕ್ಕಿದೆ ಅಪ್ಪ. ನಾನೇ ಕೇಳಿದೆ, ಕೊಟ್ರು. ತೆಗೀರಿ" ಎಂದಳು.

ಬೀಗದಕೈ ತೂತಿಗೆ ಹೊಗಲು ಸ್ವಲ್ಪ ಹೊತ್ತು ಬೇಕಾಯಿತು. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಎರಡು ಪಾಸ್‌ಪೋರ್ಟುಗಳಿದ್ದವು. ಉಮಾವತಿ ತನ್ನದನ್ನು ತೆಗೆದುಕೊಂಡು ಇನ್ನೊಂದನ್ನು ಅವರತ್ತ ಚಾಚಿದಳು.

"ನಿಮ್ಮದೂ ತಗೊಳ್ಳಿ ಅಪ್ಪ. ಮನೆಯಲ್ಲಿ ಇಟ್ಕೊಳ್ಳಿ."

ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಒಮ್ಮೆ ತೆರೆದರು. ಕಪ್ಪು ಮೀಸೆಯ, ಕೆನ್ನೆ ತುಂಬಿದ ಒಬ್ಬ ತರುಣ ಅದರೊಳಗಿಂದ ನೋಡುತ್ತಿದ್ದ. ನನಗೂ ಕಂಡಿತು. ತೆಗೆದುಕೊಳ್ಳಿ ಸೇಸಪ್ಪಣ್ಣ, ಕಿಸೆಗೆ ಹಾಕಿಕೊಳ್ಳಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಅದನ್ನು ಮುಚ್ಚಿ ಮೊದಲಿದ್ದ ಜಾಗದಲ್ಲೇ ಇಟ್ಟರು.

"ಅವರು ಹೇಳಿದ್ದು ನಿನ್ನದು ಮಾತ್ರ ಅಲ್ವಾ ಮಗಾ" ಎಂದು ಬೀಗ ಹಾಕಿ, ಒಮ್ಮೆ ಎಳೆದು ನೋಡಿದರು.

ವೀಸಾ ಆಯಿತು. ಸೆಪ್ಟೆಂಬರಿನಲ್ಲಿ ಉಮಾವತಿ ಸೀಬಿನಿಂದಲೇ ಹೊರಟಳು. ಸ್ವೆಟರ್ ಪೆಟ್ಟಿಗೆಯಲ್ಲಿ ಹಿಡಿಸದೆ, ಆ ಸೆಖೆಯಲ್ಲಿ ಅದನ್ನು ತೋಳಿನ ಮೇಲೆ ಹೊತ್ತುಕೊಂಡಿದ್ದಳು. ಸುಂದರಿ ಮಗಳ ತಲೆ ಸವರಿದಳು. ಅವಳು ಗಾಜಿನ ಬಾಗಿಲನ್ನು ದಾಟಬೇಕು ಎನ್ನುವಾಗ ಸೇಸಪ್ಪಣ್ಣ ತಡೆಯಲಾಗದೆ ಕೂಗಿದರು.

"ಮಗಾ! ಪಾಸ್‌ಪೋರ್ಟ್ ಜಾಗ್ರತೆ. ಅಲ್ಲಿ ಮುಟ್ಟಿದ ಕೂಡ್ಲೇ ಯೂನಿವರ್ಸಿಟಿ ಆಫೀಸಿನಲ್ಲಿ ಕೊಟ್ಬಿಡು, ಆಯ್ತಾ?"

ಉಮಾವತಿ ನಿಂತಳು. ಹಿಂದೆ ಬಂದವರು ಅವಳನ್ನು ಸುತ್ತಿಕೊಂಡು ಮುಂದೆ ಹೋದರು. ಅವಳ ಕಣ್ಣು ತುಂಬಿಬಂದದ್ದು ನನಗೆ ದೂರದಿಂದಲೇ ಕಂಡಿತು.

"ಕೊಡುದಿಲ್ಲ ಅಪ್ಪ" ಎಂದಳು. "ಯಾರಿಗೂ ಕೊಡುದಿಲ್ಲ."

ಸೇಸಪ್ಪಣ್ಣ ಹೆದರಿ ಸುತ್ತಮುತ್ತ ನೋಡಿದರು, ಯಾರಾದರೂ ಕೇಳಿಸಿಕೊಂಡರೋ ಎಂದು.