ಪೂಜೆಯ ನೀರಿಗಿಳಿದ ಮೀನುಗಳು

ಕಿಟಕಿಗೆ ಗಾಜು ಕೂರಿಸುವ ಪುಟ್ಟಿಯ ವಾಸನೆ, ಅದರೊಳಗಿನ ಅಗಸೆ ಎಣ್ಣೆಯ ಘಾಟು ಎಲ್ಲಿ ಮೂಗಿಗೆ ಬಡಿದರೂ ನನಗೆ ಜಯನಗರದ ನಮ್ಮ ಹಳೆಯ ಮನೆಯ ನಡುಮನೆ ನೆನಪಾಗುತ್ತದೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಕೆಂಪು ಗಾರೆಯ ನೆಲ, ಹಿತ್ತಲಲ್ಲಿ ಬಾವಿ, ಗೋಡೆಗೆ ಒತ್ತಿಟ್ಟ ಬೆಂಚಿನ ಮೇಲೆ ಗಿರಿಜತ್ತೆಯ ಮೀನಿನ ತೊಟ್ಟಿ. ಗಿರಿಜತ್ತೆ ನಮ್ಮಪ್ಪನ ತಂಗಿ. ಎರಡು ವರ್ಷ ಗಂಡನ ಕೈಯಲ್ಲಿ ಏಟು ತಿಂದು, ಒಂದು ಮಧ್ಯಾಹ್ನ ಒಂದು ಟ್ರಂಕು, ಗಾಜಿನ ಜಾಡಿಯಲ್ಲಿ ನಾಲ್ಕು ಕೆಂಪು ಮೀನು ಹಿಡಿದುಕೊಂಡು ಆಟೋದಿಂದ ಇಳಿದಿದ್ದಳು. ಅಲ್ಲಿ ಅವಳಿಗೆ ಜೊತೆಗಿದ್ದವು ಅವೇ ಅಂತೆ. ಲಿಂಗಪೂಜೆಯಾಗದೆ ಯಾರೂ ಊಟಕ್ಕೆ ಕೂರದ ಮನೆ ನಮ್ಮದು. ಮನೆಯ ಯಜಮಾನರಾದ ದೊಡ್ಡಪ್ಪನಿಗೆ ಆ ಮೀನುಗಳನ್ನು ಕಂಡರಾಗುತ್ತಿರಲಿಲ್ಲ; ತಂಗಿ ತವರಿಗೆ ಬಂದು ಕೂತದ್ದೂ ಸರಿಬಂದಿರಲಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಿದ್ದರು.

ನಾಲ್ಕು ಮೀನು ಒಂಬತ್ತಾದಾಗ ಅತ್ತೆ ಕಬ್ಬಿಣದ ಚೌಕಟ್ಟಿಗೆ ಪುಟ್ಟಿ ಹಚ್ಚಿ ಗಾಜು ಕೂರಿಸಿದ ದೊಡ್ಡ ತೊಟ್ಟಿ ಮಾಡಿಸಿದಳು. ತೊಳೆದ ಮರಳು ಹಾಸಿ, ನಲ್ಲಿ ನೀರು ತುಂಬಿ, “ಬ್ಲೀಚಿಂಗ್ ವಾಸನೆ ಹೋಗ್ಬೇಕು, ಇಲ್ದಿದ್ರೆ ಮೀನು ಸಾಯ್ತವೆ, ಒಂದು ವಾರ ಯಾರೂ ಮುಟ್ಬೇಡಿ” ಎಂದಳು. ಮಾರನೆಯ ದಿನ ಭಾನುವಾರ. ಅವಳನ್ನು ವಾಪಸು ಕರೆದೊಯ್ಯಲು ಗಂಡನ ಕಡೆಯ ಹಿರಿಯರು ಬರುವವರಿದ್ದರು, ಹೇಳಿಕಳಿಸಿದ್ದು ದೊಡ್ಡಪ್ಪನೇ. ಬರುವವರಿಗೆ ಜಾಗವಾಗಲೆಂದು ದೊಡ್ಡಪ್ಪ ಹಳೆಯ ತೊಟ್ಟಿಯ ಸಮೇತ ಬೆಂಚನ್ನು ಎಳೆದರು. ಟಣ್ ಎಂದಿತು. ತಳದ ಗಾಜು ಸೀಳಿ, ನೀರು ದೇವರ ಮನೆಯ ಹೊಸ್ತಿಲವರೆಗೂ ಹರಿಯಿತು. “ತಗೊಂಡ್ಹೋಗಿ ಯಡಿಯೂರು ಕೆರೆಗೆ ಬಿಟ್ಟು ಬಾ, ಪೀಡೆ ಕಳೀಲಿ,” ಎಂದರು ದೊಡ್ಡಪ್ಪ. ಅತ್ತೆ ಅವರಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಬಿಡಲ್ಲ ಅಣ್ಣ. ಅಲ್ಲಿ ಬದುಕಲ್ಲ ಅಂತ ಗೊತ್ತಿದ್ದೂ ಹೆಂಗೆ ಕಳಿಸ್ಲಿ?”

“ಗೌರಿ, ಹೊಸ ತೊಟ್ಟಿ ನೀರೆಲ್ಲ ಮೊಗೆದು ಚೆಲ್ಲು,” ಎಂದಳು ನನಗೆ. ತಾನು ಅಡುಗೆಮನೆಯ ದೊಡ್ಡ ಡಬರಿ ತಂದು, ಉಳಿದಿದ್ದ ಹಳೆಯ ನೀರಿನೊಡನೆ ಮೀನುಗಳನ್ನು ಅಂಗೈಯಲ್ಲೇ ಎತ್ತಿ ಹಾಕಿದಳು. ಇನ್ನು ಬೇಕಾದದ್ದು ಬ್ಲೀಚಿಂಗ್ ಇಲ್ಲದ ಬಾವಿಯ ನೀರು. ಹಿರಿಯ ಮಗನ ಮುಂದೆ ಎಂದೂ ಬಾಯಿ ತೆರೆಯದ ಅಜ್ಜಿ, ಆ ಬೆಳಿಗ್ಗೆ ಪೂಜೆಗೆಂದು ಸೇದಿಟ್ಟಿದ್ದ ಕೊಡವನ್ನು ಸೊಂಟಕ್ಕೇರಿಸಿ ತಂದಳು.

“ಅವ್ವ, ಅದು ಪೂಜೆ ನೀರು,” ಎಂದರು ದೊಡ್ಡಪ್ಪ.

“ಗೊತ್ತು ಕಣಪ್ಪ. ದೇವ್ರು ಸ್ವಲ್ಪ ಹೊತ್ತು ಕಾಯ್ತಾನೆ. ಇವು ಕಾಯಲ್ಲ,” ಎಂದು ಅಜ್ಜಿ ಕೊಡ ಬಗ್ಗಿಸಿದಳು. ಮತ್ತೊಂದು ಕೊಡವನ್ನೂ ತಂದಳು. ತೊಟ್ಟಿ ಅರ್ಧ ತುಂಬಿತು. ಅತ್ತೆ ಡಬರಿಯನ್ನು ಆ ನೀರಿನಲ್ಲಿ ತೇಲಿಸಿ ಹಿಡಿದು, ಮೀನುಗಳಿಗೆ ಒಗ್ಗಲೆಂದು ಹೊಸ ನೀರನ್ನು ಬೊಗಸೆ ಬೊಗಸೆಯಾಗಿ ಅದಕ್ಕೆ ಸೇರಿಸುತ್ತಿದ್ದಾಗ ಬರಬೇಕಾದವರು ಬಂದರು. ಒದ್ದೆ ನೆಲದ ಮೇಲೆ ಪಂಚೆ ಎತ್ತಿ ಹಿಡಿದು ನಿಂತು, ಹಿರಿಯರೊಬ್ಬರು “ಹೊರಡಮ್ಮ, ಆಗಿದ್ದು ಆಯ್ತು” ಎಂದರು. ಅತ್ತೆ ತಿರುಗಲಿಲ್ಲ. “ನಾನು ಬರಲ್ಲ. ನಿಮ್ಮ ಹುಡುಗನಿಗೆ ಹೇಳ್ಬಿಡಿ,” ಎಂದು ಡಬರಿಯನ್ನು ಮೆಲ್ಲಗೆ ವಾಲಿಸಿದಳು. ಮೀನುಗಳು ಒಂದೊಂದಾಗಿ ಹೊರಗೀಜಿದವು. ದೊಡ್ಡಪ್ಪ ಅಜ್ಜಿಯ ಮುಖ ನೋಡಿ ಒಳಗೆ ನಡೆದರು. ಬಂದವರು ಕಾಫಿಯನ್ನೂ ಕುಡಿಯದೆ ಹೋದರು. ಎರಡು ಮೀನು ಮಂಗಳವಾರದ ಹೊತ್ತಿಗೆ ಸತ್ತವು. ಏಳು ಉಳಿದವು.

ಆ ಮನೆ ಈಗಿಲ್ಲ. ಬಾವಿಗೆ ಮಣ್ಣು ತುಂಬಿ ಮೇಲೆ ಮೂರು ಅಂತಸ್ತು ಎದ್ದಿದೆ. ಅಜ್ಜಿ, ದೊಡ್ಡಪ್ಪ, ಕೊನೆಗೆ ಅತ್ತೆ, ಎಲ್ಲರೂ ಹೋದರು. ಮದುವೆಮನೆಯ ಪಂಕ್ತಿಯಲ್ಲಿ ಇವತ್ತಿಗೂ ಯಾರಾದರೂ “ಪಾಪ, ಗಿರಿಜಮ್ಮ ಬಾಳಲಿಲ್ಲ” ಎನ್ನುತ್ತಾರೆ. ನಿಮ್ಮ ಬಳಗದಲ್ಲೂ ಹೀಗೆ ‘ಪಾಪ’ ಎನಿಸಿಕೊಂಡೇ ಹೋದವರು ಇದ್ದಾರು. ನಾನು ತುತ್ತು ಕೆಳಗಿಟ್ಟು ಹೇಳುತ್ತೇನೆ: ಬಾಳಿದಳು. ಹೊಲಿಗೆ ಮೇಡಂ ಆಗಿ, ತನ್ನ ದುಡಿಮೆಯಲ್ಲಿ, ತನಗೆ ಬೇಕಾದಷ್ಟು ನಗುತ್ತ ಬಾಳಿದಳು. ಆ ಪಂಕ್ತಿಯಲ್ಲಿ ಅವಳು ಬಾಳಿದ್ದನ್ನು ಕಣ್ಣಾರೆ ಕಂಡವಳು ಈಗ ನಾನೊಬ್ಬಳೇ.