ಗಟಾರಿಯ ಸಂಜೆ ಗಂಡನ ಪೂಜೆ

ಭೀಮನ ಅಮಾವಾಸ್ಯೆಯ ಸಂಜೆ. ಗಂಡನ ಪಾದಪೂಜೆಗೆ ಎಲ್ಲ ಸಿದ್ಧ. ದೀಪ ಇದೆ, ಅರಿಶಿನದ ದಾರ ಇದೆ, ಕಡುಬು ಇದೆ. ಗಂಡನೇ ಇಲ್ಲ.

ನಮ್ಮ ಮನೆಯ ಕಥೆಯಲ್ಲ. (ನಮ್ಮವರು ಕಡುಬಿನ ಆಸೆಗೆ ಬೇಗನೇ ಬಂದು ಕೂತಿದ್ದರು.) ಪುಣೆಯ ಕೋಥರೂಡದಲ್ಲಿ ನಮ್ಮ ಎದುರು ಫ್ಲ್ಯಾಟಿನ ಸವಿತಾಳದು. ವಿಜಯಪುರದವಳು. ಅವರ ಮನೆತನದಲ್ಲಿ ಈ ಪೂಜೆ ಇಲ್ಲ. "ಈ ಸಲ ನನಗೂ ಕಲಿಸ್ರೀ ಅಕ್ಕಾ" ಎಂದು ಹಟ ಹಿಡಿದಿದ್ದಳು. ಕಾನ್ವೆಂಟಿನಲ್ಲಿ ಓದಿದ ನನಗೆ ಅದನ್ನು ಕಲಿಸಿದ್ದು ಅತ್ತೆ, ಅದೂ ವಿಡಿಯೊ ಕಾಲ್‌ನಲ್ಲಿ. ಇರಲಿ. ನಮ್ಮ ಪೂಜೆ ಮುಗಿಸಿ ನಾವಿಬ್ಬರೂ ಅವಳ ಮನೆಗೆ ಬಂದಿದ್ದೆವು.

ಇದೇ ದಿನದ ಪೂಜೆ ಯಾಕೆ ಬೇಕಿತ್ತು ಅವಳಿಗೆ? ಪುಣೆಯಲ್ಲಿ ಈ ಅಮಾವಾಸ್ಯೆಗೆ ಇನ್ನೊಂದು ಹೆಸರಿದೆ: ಗಟಾರಿ. ಮರುದಿನದಿಂದ ಶ್ರಾವಣ, ತಿಂಗಳಿಡೀ ಮದ್ಯ ಮಾಂಸ ಬಂದ್. ಆದ್ದರಿಂದ ಇವತ್ತೇ ಕಂಠಪೂರ್ತಿ! ನಾವು ಗಂಡನ ಆಯುಷ್ಯಕ್ಕೆಂದು ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಗಂಡಸರು ಬಾಟಲಿ ತೆರೆಯುತ್ತಾರೆ.

ಹೋದ ಗಟಾರಿಗೆ ಸವಿತಾಳ ಗಂಡ ಪ್ರಕಾಶರನ್ನು ಇಬ್ಬರು ಲಿಫ್ಟಿನಿಂದ ಹೊತ್ತು ತಂದಿದ್ದರು. ಆಮೇಲೆ ಕಣ್ಣು ಹಳದಿ, ಕಾಲು ಬಾವು, ಆಸ್ಪತ್ರೆ, ವ್ಯಸನಮುಕ್ತಿ ಕೇಂದ್ರ. ಲಿವರ್ ಇನ್ನೊಂದು ಚಾನ್ಸ್ ಕೊಡುವುದಿಲ್ಲ ಎಂದಿದ್ದರು ಡಾಕ್ಟರು. ಅಂದಿನಿಂದ ಮುಟ್ಟಿಲ್ಲ. ಆದರೆ ಇಂದು ರಾಂಜಣಗಾಂವದ ಫ್ಯಾಕ್ಟರಿ ಗೆಳೆಯರು ಢಾಬಾಕ್ಕೆ ಕರೆದಿದ್ದರು. ಪ್ರಕಾಶರ ಫೋನ್ ಸ್ವಿಚ್ ಆಫ್.

"ಟ್ರಾಫಿಕ್ ಇರಬೇಕು ಬಿಡು," ಎಂದೆ.

"ಟ್ರಾಫಿಕ್‌ನ್ಯಾಗ ಫೋನ್ ಯಾಕ ಬಂದ್ ಆಗ್ತದರೀ?" ನೆಟ್ಟಗಿದ್ದ ಬತ್ತಿಯನ್ನೇ ಮತ್ತೆ ಮತ್ತೆ ನೆಟ್ಟಗೆ ಮಾಡುತ್ತಿದ್ದಳು.

ಬೆಲ್ ಆಯಿತು. ಪ್ರಕಾಶ್. ಅವರ ಹಿಂದೆ ಮೂವರು ಗೆಳೆಯರು.

"ಮನ್ಯಾಗ ಇವತ್ತ ನನ್ನ ಪೂಜಾ ಅದ, ಢಾಬಾಕ್ ಬರಂಗಿಲ್ಲ ಅಂದೆ. ನಂಬವಲ್ರು. ಮೊಬೈಲ್ ಕಸ್ಕೊಂಡು ಬಂದ್ ಮಾಡಿದ್ರು. ಅದಕ್ಕ ಕರ್ಕೊಂಡೇ ಬಂದೆ," ಎಂದರು.

ನಿಜಕ್ಕೂ ಇವನನ್ನು ಪೂಜಿಸುತ್ತೀರಾ ಅತ್ತಿಗೆ ಎಂದು ಒಬ್ಬ ಮರಾಠಿಯಲ್ಲಿ ಕೇಳಿದ. ಕಲ್ಲನ್ನೇ ಪೂಜಿಸುತ್ತೇವೆ ಭಾವಜಿ, ಇವರೇನು ಮಹಾ ಎಂದು ಸವಿತಾಳೂ ಮರಾಠಿಯಲ್ಲೇ ತಿರುಗೇಟು ಕೊಟ್ಟಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಪಾದ ತೊಳೆದಳು. ಹಣೆಗೆ ಕುಂಕುಮ ಇಡುವಾಗ ಬೇಕಾದದ್ದಕ್ಕಿಂತ ಹತ್ತಿರ ಬಾಗಿ, ಮೆಲ್ಲಗೆ ಉಸಿರೆಳೆದುಕೊಂಡಳು. ನಾನು ನೋಡಿದೆ. ಪ್ರಕಾಶರೂ ನೋಡಿದರು.

"ವಾಸನಿ ನೋಡಿದೇನು?"

"ಹೌದ್ರಿ."

"ನೋಡು. ದಿನಾ ನೋಡು. ನನಗೂ ಧೈರ್ಯ ಬರ್ತದ."

ಗೆಳೆಯರ ನಗು ನಿಂತಿತು. ಅವಳು ದಾರ ಕಟ್ಟುವಾಗ ಅವರ ಕೈ ನಡುಗಲಿಲ್ಲ. (ಒಂದು ಕಾಲಕ್ಕೆ ಆ ಕೈ ಚಹಾ ಚೆಲ್ಲದೆ ಕಪ್ಪು ಎತ್ತುತ್ತಿರಲಿಲ್ಲ.) ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ತಟ್ಟಿಯೇ ಬಿಟ್ಟೆ! ಪೂಜೆಯಲ್ಲಿ ಯಾರಾದರೂ ಚಪ್ಪಾಳೆ ತಟ್ಟುತ್ತಾರೆಯೇ? ನಮ್ಮವರು ಕಣ್ಣು ಬಿಟ್ಟರು. ಬಿಡಲಿ.

ಗೆಳೆಯರಲ್ಲಿ ಇಬ್ಬರು ಕಡುಬು ತಿಂದು ಢಾಬಾಕ್ಕೇ ಹೋದರು. ಒಬ್ಬ ಊಟಕ್ಕೆ ಉಳಿದ.

ನನ್ನ ಸಂಭ್ರಮ ಇನ್ನೂ ಇಳಿದಿಲ್ಲ. ಆದರೂ ಒಂದು ಮಾತು ಕೊರೆಯುತ್ತಿದೆ. ಶ್ರಾವಣದಲ್ಲಿ ಊರಿಗೆ ಊರೇ ಬೇಡ ಅನ್ನುತ್ತದೆ, ಚಿಂತೆಯಿಲ್ಲ. ಅದು ಮುಗಿದ ಮೇಲೆ? ಕುಡಿಯುವವನನ್ನು ಯಾರೂ ಕಾರಣ ಕೇಳುವುದಿಲ್ಲ. ಕುಡಿಯದವನು ಮಾತ್ರ ಪ್ರತಿ ಸಲ ಒಂದೊಂದು ಪೂಜೆ ತೋರಿಸಬೇಕೇ?